ನೆನಪಿಡುವ ನ್ಯಾಟ್, ಲೆಕ್ಕ ಹಾಕುವ ನ್ಯಾಟ್

ಏಷ್ಯಾ-ಪೆಸಿಫಿಕ್ ವಲಯದಲ್ಲಿ ಐಪಿವಿ4 ಎಂಬ ಹಳೆಯ ಬಗೆಯ ಇಂಟರ್‌ನೆಟ್ ವಿಳಾಸಗಳ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಈಗ ಒಂದೇ ವಿಳಾಸವನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ಅದಕ್ಕಾಗಿ ಪ್ಯಾಕೆಟ್ಟಿನ, ಅಂದರೆ ಮಾಹಿತಿಯ ತುಣುಕಿನ, ವಿಳಾಸವನ್ನೂ ಪೋರ್ಟನ್ನೂ ಬದಲಿಸುವ ಕೆಲಸವೇ ನ್ಯಾಟ್. ಮರಳಿ ಬಂದ ಪ್ಯಾಕೆಟ್ ಯಾವ ಮನೆಯದು ಎಂದು ಹೇಳುವುದು ವಿಳಾಸದ ಜೊತೆಗೆ ಬರುವ ಪೋರ್ಟ್ ಸಂಖ್ಯೆ. ಅದರ ಲೆಕ್ಕ ಎಲ್ಲಿರಬೇಕು ಎಂಬುದೇ ತಕರಾರು.

ಜಪಾನಿನ ದೂರಸಂಪರ್ಕ ಕಂಪನಿ ಎನ್‌ಟಿಟಿಯ ಫೈಬರ್ ಜಾಲದಲ್ಲಿ ಎರಡು ಉತ್ತರಗಳೂ ಸಿಗುತ್ತವೆ. ಮೊದಲನೆಯದು ಡಿಎಸ್-ಲೈಟ್. ಮನೆಯ ರೂಟರ್ ಐಪಿವಿ4 ಪ್ಯಾಕೆಟ್ಟನ್ನು ಹೊಸ ಬಗೆಯ ಐಪಿವಿ6 ಪ್ಯಾಕೆಟ್ಟಿನ ಒಳಗೆ ಸುತ್ತಿ ಕಳಿಸುತ್ತದೆ, ಅಷ್ಟೆ. ನ್ಯಾಟ್ ಮಾಡುವುದು ಇಂಟರ್‌ನೆಟ್ ಸೇವೆ ಕೊಡುವ ಕಂಪನಿಯ ಪೆಟ್ಟಿಗೆ. ಪ್ರತಿ ಸಂಪರ್ಕಕ್ಕೂ ಅದರ ಕೋಷ್ಟಕದಲ್ಲಿ ಒಂದು ಸಾಲು. ಆ ಪೆಟ್ಟಿಗೆ ಕೆಟ್ಟರೆ, ಜೋಡಿ ಪೆಟ್ಟಿಗೆಯಲ್ಲಿ ಕೋಷ್ಟಕದ ಪ್ರತಿ ಇಲ್ಲದಿದ್ದರೆ, ನಡೆಯುತ್ತಿದ್ದ ಸಂಪರ್ಕಗಳೆಲ್ಲ ಕಡಿಯುತ್ತವೆ.

ಎರಡನೆಯದು ಮ್ಯಾಪ್-ಇ. ಇಲ್ಲಿ ಕಂಪನಿಯ ಕಡೆ ಕೋಷ್ಟಕವೇ ಇಲ್ಲ, ಬರೀ ಗಣಿತ. ಮ್ಯಾಪ್-ಇ ಬಳಸುವ 'ವಿ6 ಪ್ಲಸ್' ಎಂಬ ಸೇವೆಯಲ್ಲಿ 16 ಬಿಟ್‌ಗಳ ಪೋರ್ಟ್ ಸಂಖ್ಯೆಯ ನಡುವಿನ 8 ಬಿಟ್ ಮನೆಯ ಗುರುತು. ಅದು ಮನೆಗೆ ಸಿಕ್ಕ ಐಪಿವಿ6 ವಿಳಾಸದಲ್ಲೇ ಅಡಗಿರುತ್ತದೆ. ಗುರುತು 52 ಆದರೆ ಆ ಮನೆಯ ಪೋರ್ಟ್‌ಗಳು 4928ರಿಂದ 4943, ಆಮೇಲೆ 9024ರಿಂದ 9039, ಹೀಗೆ 4096ರ ಅಂತರದಲ್ಲಿ 62287ರವರೆಗೆ. 16ರಂತೆ 15 ಗುಂಪು, ಒಟ್ಟು 240. ಪ್ಯಾಕೆಟ್ ಕಂಪನಿಯ ಯಾವ ಗಡಿ ರೂಟರಿಗೆ ಬಂದರೂ ಉತ್ತರ ಒಂದೇ, ಹಾಗಾಗಿ ಒಂದು ಬಿದ್ದರೆ ಇನ್ನೊಂದು ಅಲ್ಲಿಂದಲೇ ಮುಂದುವರಿಸುತ್ತದೆ. ಇಂಥ ಪೋರ್ಟ್ ಯಾರದು ಎಂದು ಪೊಲೀಸರು ಕೇಳಿದರೂ ಪ್ರತಿ ಸಂಪರ್ಕದ ಲಾಗ್ ಕೆದಕಬೇಕಿಲ್ಲ.

ಹಾಗೆಂದು ನೆನಪಿನ ಕೆಲಸ ಮಾಯವಾಗಿಲ್ಲ, ಮನೆಯ ರೂಟರಿನ ತಲೆಗೆ ಬಂದಿದೆ. ಅಲ್ಲಿ ಮಾಮೂಲಿ ನ್ಯಾಟ್ ಕೋಷ್ಟಕ ಇದ್ದೇ ಇದೆ, ಆದರೆ ಆಟ 240 ಪೋರ್ಟ್‌ಗಳಲ್ಲಿ. ಪಕ್ಕದ ಮನೆಯಲ್ಲಿ ಖಾಲಿ ಬಿದ್ದಿದ್ದರೂ ಕಡ ಸಿಗದು. ಹೊರಗಿನಿಂದ ಮನೆಯ ಸರ್ವರಿಗೆ ದಾರಿ ಬಿಡಬಹುದು, ಅದೂ ಈ ಪೋರ್ಟ್‌ಗಳಲ್ಲೇ; 443 ಬೇಕೆಂದರೆ ಇಲ್ಲ.

ಲಿನಕ್ಸ್ ರೂಟರನ್ನು ತಾವೇ ಹೊಂದಿಸುವವರು ಎಡವುವುದು ಇನ್ನೊಂದು ಕಡೆ. 15 ಗುಂಪಿಗೆ 15 ನಿಯಮ ಸಾಲಾಗಿ ಬರೆದರೆ ಎಲ್ಲ ಸಂಪರ್ಕವೂ ಮೊದಲ ನಿಯಮಕ್ಕೇ ಸಿಕ್ಕಿಬೀಳುತ್ತದೆ. ಅದರ 16 ಪೋರ್ಟ್ ತುಂಬಿದ ಮೇಲೆ ಪ್ಯಾಕೆಟ್ ಎರಡನೆಯದಕ್ಕೆ ಇಳಿಯುವುದಿಲ್ಲ, ಬಿದ್ದುಹೋಗುತ್ತದೆ. ಕೆಲವು ಪುಟ ತೆರೆಯುತ್ತವೆ, ಕೆಲವು ಸುಮ್ಮನೆ ಸುತ್ತುತ್ತಿರುತ್ತವೆ. ಬೈಗುಳ ಮಾತ್ರ ವೈಫೈಗೆ. ಹೊಸ ಸಂಪರ್ಕಗಳನ್ನು ಸರದಿಯಂತೆ 15 ಗುಂಪಿಗೂ ಹಂಚಿ ಮಾರ್ಕ್ ಹಚ್ಚುವ ನಿಯಮವನ್ನು ಮೊದಲು ಹಾಕಿ, ಪ್ರತಿ ಮಾರ್ಕಿಗೆ ಒಂದು ನ್ಯಾಟ್ ನಿಯಮ ಕಟ್ಟಿದರೆ 240 ಪೋರ್ಟ್‌ಗಳೂ ಬಳಕೆಗೆ ಬರುತ್ತವೆ.