ಬಲ ಉಳಿಯಿತು, ಗುಂಡಿಗಳು ಹೋದವು

ದುಬಾರಿ ಎಸ್‌ಯುವಿಯೊಂದರ ಹೊಸ ತಲೆಮಾರು ಮಾರುಕಟ್ಟೆಗೆ ಬಂದಾಗಲೆಲ್ಲ ಅದರ ಹಳೆಯ ಮಾಲೀಕರಿಂದ ಎರಡು ದೂರುಗಳು ಜೋಡಿಯಾಗಿ ಕೇಳಿಬರುತ್ತವೆ. ಎಂಟೋ ಆರೋ ಸಿಲಿಂಡರ್‌ಗಳ ಎಂಜಿನ್ ಇದ್ದ ಜಾಗದಲ್ಲಿ ಪುಟ್ಟ ಎಂಜಿನ್ ಕೂರಿಸಿದ್ದಾರೆ ಎಂಬುದು ಮೊದಲನೆಯದು. ಡ್ಯಾಶ್‌ಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ಅಲ್ಲೊಂದು ದೊಡ್ಡ ಪರದೆ ಅಂಟಿಸಿದ್ದಾರೆ ಎಂಬುದು ಎರಡನೆಯದು. ಮಾಲೀಕರು ಎರಡನ್ನೂ ತಯಾರಕರ ಜಿಪುಣತನವೆಂದು ಬೈಯುತ್ತಾರೆ, ತಯಾರಕರ ಪರ ವಾದಿಸುವವರು ಎರಡನ್ನೂ ಹಳತಿನ ವ್ಯಾಮೋಹವೆಂದು ತಳ್ಳಿಹಾಕುತ್ತಾರೆ. ಎರಡೂ ದೂರುಗಳನ್ನು ಹೀಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದೇ ತಪ್ಪು. ವಿಜ್ಞಾನದ ಕಣ್ಣಿಗೆ ಮೊದಲನೆಯದು ಬಹುಮಟ್ಟಿಗೆ ಭ್ರಮೆ, ಎರಡನೆಯದು ಬಹುಮಟ್ಟಿಗೆ ನಿಜ.

ಭ್ರಮೆಯ ಬೇರು ಇರುವುದು 'ಸಿಸಿ' ಎಂಬ ಎರಡಕ್ಷರದಲ್ಲಿ. ಪಿಸ್ಟನ್‌ಗಳು ಒಮ್ಮೆ ಮೇಲಿನಿಂದ ಕೆಳಗಿಳಿದಾಗ ತೆರವಾಗುವ ಒಟ್ಟು ಜಾಗವನ್ನು ಮಾತ್ರ ಅದು ಅಳೆಯುತ್ತದೆ. ಅದು ಪಾತ್ರೆಯ ಅಳತೆ. ಪಾತ್ರೆಯಲ್ಲಿ ಎಷ್ಟು ಸರಕಿದೆ ಎಂಬುದನ್ನು ಅದು ಹೇಳುವುದಿಲ್ಲ. ಹತ್ತಿಯನ್ನು ಮೂಟೆಗೆ ಸುಮ್ಮನೆ ಸುರಿದರೆ ಹಿಡಿಯುವಷ್ಟು ಬೇರೆ, ಮೂಟೆಯೊಳಗೆ ಇಳಿದು ತುಳಿದು ತುಂಬಿದರೆ ಹಿಡಿಯುವಷ್ಟು ಬೇರೆ. ಎಂಜಿನ್ನಿನ ವಿಷಯದಲ್ಲಿ ಆ ಹತ್ತಿ ಯಾವುದು ಎಂದರೆ ಹೆಚ್ಚಿನವರು ಪೆಟ್ರೋಲ್ ಎನ್ನುತ್ತಾರೆ. ಅಲ್ಲ, ಅದು ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಚಿಮ್ಮಿಸಬಹುದು, ಅದು ದ್ರವ, ಹೇಳಿದಂತೆ ಕೇಳುತ್ತದೆ. ಗಾಳಿಯನ್ನು ಒಳಗೆ ತರುವುದೇ ಕಷ್ಟದ ಕೆಲಸ. ಎರಡು ಲೀಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಮಾತ್ರ ಉಸಿರೆಳೆಯುವುದರಿಂದ, ಆ ನಿಮಿಷದಲ್ಲಿ ಹೆಚ್ಚೆಂದರೆ 3,000 ಲೀಟರ್, ಅಂದರೆ ಸುಮಾರು ಮೂರೂವರೆ ಕಿಲೋಗ್ರಾಂ ಗಾಳಿಯನ್ನು ತಾನಾಗಿ ಎಳೆದುಕೊಳ್ಳಬಲ್ಲದು. ಅಷ್ಟು ಗಾಳಿಗೆ ಕಾಲು ಕಿಲೋಗ್ರಾಮಿನಷ್ಟು ಪೆಟ್ರೋಲ್ ಸಾಕು. ಹೆಚ್ಚು ಬಲ ಬೇಕಿದ್ದರೆ ಪಾತ್ರೆಯನ್ನು ಹಿಗ್ಗಿಸಬೇಕು, ಇಲ್ಲವೇ ಗಾಳಿಯನ್ನು ತುಳಿದು ತುಂಬಬೇಕು.

ಎಂಟು ಸಿಲಿಂಡರಿನ ಎಂಜಿನ್ ಮೊದಲ ದಾರಿ, ಟರ್ಬೊಚಾರ್ಜರ್ ಎರಡನೆಯ ದಾರಿ. ಕುಲುಮೆಯಲ್ಲಿ ಇದ್ದಿಲು ಅಷ್ಟೇ ಇದ್ದರೂ ತಿದಿಯೊತ್ತಿದಾಗ ಬೆಂಕಿ ಬೆಳ್ಳಗಾಗುತ್ತದೆ. ಟರ್ಬೊ ಎಂಜಿನ್ನಿಗೆ ಕಟ್ಟಿದ ತಿದಿ. ವ್ಯತ್ಯಾಸವಿಷ್ಟೇ: ಕುಲುಮೆಯ ತಿದಿಯನ್ನು ಒತ್ತಲು ಒಬ್ಬ ಮನುಷ್ಯ ಬೇಕು, ಟರ್ಬೊದ ತಿದಿಯನ್ನು ಎಂಜಿನ್ ಹೊರಗೆ ಉಗುಳುವ ಹೊಗೆಯೇ ಒತ್ತುತ್ತದೆ. ಬಿಸಿ ಹೊಗೆಯ ದಾರಿಯಲ್ಲಿ ಒಂದು ಚಕ್ರ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿ ತಾಜಾ ಗಾಳಿಯನ್ನು ಒತ್ತುವ ಮತ್ತೊಂದು ಚಕ್ರ. ಎರಡೂ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ವೇಗದಲ್ಲಿ ತಿರುಗುತ್ತವೆ. ಒತ್ತಿದ ಗಾಳಿ ಕಾಯುತ್ತದೆ, ಕಾದರೆ ಮತ್ತೆ ಹಿಗ್ಗುತ್ತದೆ. ಆದ್ದರಿಂದ ಅದನ್ನು ನಡುವೆ ಒಂದು ಶೈತ್ಯಕದ ಮೂಲಕ ಹಾಯಿಸಿ ತಣಿಸುತ್ತಾರೆ. ವಾತಾವರಣದ ಎರಡರಷ್ಟು ಸಾಂದ್ರತೆಯ ಗಾಳಿಯನ್ನು ಹೀಗೆ ಒಳನೂಕಿದರೆ ಎರಡು ಲೀಟರಿನ ಎಂಜಿನ್ನಿಗೆ ಸಿಕ್ಕುವುದು ನಾಲ್ಕು ಲೀಟರಿನ ಎಂಜಿನ್ನಿನ ಊಟ.

ಇದು ನಿನ್ನೆ ಮೊನ್ನೆಯ ಗಿಮಿಕ್ ಎಂದುಕೊಳ್ಳುವವರಿಗಾಗಿ ಸ್ವಲ್ಪ ಇತಿಹಾಸ ಹೇಳಲೇಬೇಕು. ಇಂಧನದ ಶಾಖದಲ್ಲಿ ದೊಡ್ಡ ಪಾಲು ಹೊಗೆಕೊಳವೆಯಿಂದ ವ್ಯರ್ಥವಾಗಿ ಹೊರಹೋಗುವುದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿಗೆ ಸಹಿಸಲಾಗದ ಸಂಗತಿಯಾಗಿತ್ತು. ಆತ 1905ರಲ್ಲೇ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಅದು ನಿಜಕ್ಕೂ ಕೈಗೂಡಲು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದಲ್ಲಿ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್‌ಗಳ ಬಲವನ್ನು ಬ್ಯೂಕಿಯ ಟರ್ಬೊ 1,750ರಿಂದ 2,500 ಅಶ್ವಶಕ್ತಿಗೆ ಏರಿಸಿತು. ಈ ನಡುವೆ 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಎಂಬಾತ ಲಿಬರ್ಟಿ ವಿಮಾನ ಎಂಜಿನ್ನೊಂದನ್ನು ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್ ಎತ್ತರಕ್ಕೆ, ಹೊತ್ತೊಯ್ದ. ಕೆಳಗೆ 350 ಅಶ್ವಶಕ್ತಿ ನೀಡುತ್ತಿದ್ದ ಆ ಎಂಜಿನ್ ಶಿಖರದ ತೆಳು ಗಾಳಿಯಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದೊಡನೆ 356ಕ್ಕೆ ಏರಿತು. ಎಂಜಿನ್ ಅದೇ, ಸಿಸಿ ಅದೇ, ಬದಲಾದದ್ದು ಗಾಳಿಯೊಂದೇ. ಸಿಸಿಯೇ ಬಲ ಎಂಬ ನಂಬಿಕೆಗೆ ಆ ಬೆಟ್ಟದ ಮೇಲೆಯೇ ಉತ್ತರ ಸಿಕ್ಕಿಹೋಗಿತ್ತು.

ಈಗ ಎಸ್‌ಯುವಿಗಳ ಲೆಕ್ಕ ನೋಡಬಹುದು. ವೋಲ್ವೊ ಎಕ್ಸ್‌ಸಿ90ರ ಮೊದಲ ತಲೆಮಾರಿನಲ್ಲಿ 4.4 ಲೀಟರಿನ, ಎಂಟು ಸಿಲಿಂಡರಿನ ವಿ8 ಎಂಜಿನ್ 311 ಅಶ್ವಶಕ್ತಿ ನೀಡುತ್ತಿತ್ತು. 2015ರಲ್ಲಿ ಮಾರಾಟಕ್ಕೆ ಬಂದ ಎರಡನೆಯ ತಲೆಮಾರಿನಲ್ಲಿ ನಾಲ್ಕು ಸಿಲಿಂಡರ್, ಎರಡು ಲೀಟರ್ ಬಿಟ್ಟರೆ ಬೇರೆ ಆಯ್ಕೆಯೇ ಇರಲಿಲ್ಲ. ಅಮೆರಿಕದಲ್ಲಿ ಮಾರಾಟವಾದ ಅದರ ಟಿ6 ಮಾದರಿಯ ಬಲ 316 ಅಶ್ವಶಕ್ತಿ. ಲೆಕ್ಸಸ್ ಎಲ್‌ಎಕ್ಸ್‌ನ 5.7 ಲೀಟರಿನ ವಿ8 ಎಂಜಿನ್ನಿನದು 383 ಅಶ್ವಶಕ್ತಿಯಾದರೆ ಅದರ ಜಾಗಕ್ಕೆ ಬಂದ 3.4 ಲೀಟರಿನ ಜೋಡಿ ಟರ್ಬೊ ವಿ6ರದು 409. ಚಕ್ರ ತಿರುಗಿಸುವ ಟಾರ್ಕ್ ಕೂಡ 546ರಿಂದ 650 ನ್ಯೂಟನ್ ಮೀಟರಿಗೆ ಏರಿತು. ಎಂಜಿನ್ ಕುಗ್ಗಿತೆಂದು ಮರುಗಿದವರ ಕೈಗೆ ಹೆಚ್ಚು ಬಲವೇ ಬಂದಿತ್ತು.

ಸಣ್ಣ ಎಂಜಿನ್ ಇಂಧನ ಉಳಿಸುವುದು ಹೇಗೆಂಬುದು ನನಗೆ ಇದಕ್ಕಿಂತಲೂ ಸೊಗಸಾಗಿ ಕಾಣುತ್ತದೆ. ಎರಡು ಟನ್ನಿಗೂ ಮಿಕ್ಕಿದ ವಾಹನ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲು 25ರಿಂದ 30 ಅಶ್ವಶಕ್ತಿ ಸಾಕು. ಉಳಿದ ನೂರಾರು ಅಶ್ವಗಳು ಲಾಯದಲ್ಲಿ ನಿಂತು ಮೇವು ತಿನ್ನುತ್ತಿರುತ್ತವೆ. ಪೆಟ್ರೋಲ್ ಎಂಜಿನ್ನಿನ ಬಲವನ್ನು ತಗ್ಗಿಸುವುದು ಅದರ ಗಾಳಿಯ ದಾರಿಗೆ ಅಡ್ಡವಾಗಿರುವ ಥ್ರಾಟಲ್ ಎಂಬ ತಗಡಿನ ಕದವನ್ನು ಮುಚ್ಚಿ. ಕದ ಮುಚ್ಚಿದ್ದಾಗ ಪ್ರತಿ ಪಿಸ್ಟನ್ನೂ ನಿರ್ವಾತದ ವಿರುದ್ಧ ಕೆಳಗೆ ಎಳೆದುಕೊಳ್ಳಬೇಕಾಗುತ್ತದೆ. ಮೂಗಿನ ಒಂದೂವರೆ ಹೊಳ್ಳೆ ಮುಚ್ಚಿಕೊಂಡು ದಿನವಿಡೀ ನಡೆದಾಡಿದಂತೆ. ಎಂಜಿನ್ ದೊಡ್ಡದಾದಷ್ಟೂ ಕದವನ್ನು ಹೆಚ್ಚು ಮುಚ್ಚಬೇಕು, ಏದುಸಿರು ಹೆಚ್ಚು, ಉಜ್ಜಾಡುವ ಲೋಹವೂ ಹೆಚ್ಚು. ಸಣ್ಣ ಎಂಜಿನ್ ಅದೇ 30 ಅಶ್ವಶಕ್ತಿಯನ್ನು ಕದವನ್ನು ಹೆಚ್ಚು ತೆರೆದಿಟ್ಟು, ನಿರಾಳವಾಗಿ ಉಸಿರಾಡುತ್ತಾ ನೀಡುತ್ತದೆ.

ಹಾಗೆಂದು ಮಾಲೀಕರ ಕಿವಿ ಸುಳ್ಳು ಹೇಳುತ್ತಿಲ್ಲ. ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಸಿಡಿಯುತ್ತದೆ. ನಿಮಿಷಕ್ಕೆ 1,500 ಸುತ್ತಿನಲ್ಲಿ ಎಂಟು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 100 ಬಾರಿ ಮಿಡಿದರೆ ನಾಲ್ಕು ಸಿಲಿಂಡರಿನದು 50 ಬಾರಿ ಮಾತ್ರ ಮಿಡಿಯುತ್ತದೆ. ಮೊದಲನೆಯದು ನಯವಾದ ಗುಂಗು, ಎರಡನೆಯದು ಬಿಡಿಬಿಡಿಯಾದ ಬಡಿತ. ಜೊತೆಗೆ, ಪಿಸ್ಟನ್ನಿಗೆ ಕಟ್ಟಿದ ದಂಡ ಓರೆಯಾಗಿ ತಿರುಗುವುದರಿಂದ ಪಿಸ್ಟನ್ ತನ್ನ ಹಾದಿಯ ಮೇಲರ್ಧದಲ್ಲಿ ವೇಗವಾಗಿಯೂ ಕೆಳಾರ್ಧದಲ್ಲಿ ನಿಧಾನವಾಗಿಯೂ ಚಲಿಸುತ್ತದೆ. ಸಾಲಾಗಿ ನಿಂತ ನಾಲ್ಕರಲ್ಲಿ ಈ ಏರುಪೇರು ಒಂದನ್ನೊಂದು ಕಳೆಯದೆ ಸುತ್ತಿಗೆರಡು ಬಾರಿಯ ನಡುಕವಾಗಿ ಉಳಿಯುತ್ತದೆ. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 20ನೆಯ ಶತಮಾನದ ಆರಂಭದಲ್ಲೇ ಇದಕ್ಕೆ ಮದ್ದು ಕಂಡುಹಿಡಿದ: ಎಂಜಿನ್ನಿನ ಎರಡರಷ್ಟು ವೇಗದಲ್ಲಿ ವಿರುದ್ಧ ದಿಕ್ಕುಗಳಲ್ಲಿ ತಿರುಗುವ ಎರಡು ತೂಕದ ದಂಡಗಳು. ನಡುಕ ಬಹಳಷ್ಟು ಅಡಗುತ್ತದೆ, ದನಿ ಮಾತ್ರ ಬದಲಾಗುವುದಿಲ್ಲ. ಕೆಲವು ತಯಾರಕರು ಸ್ಪೀಕರಿನಿಂದ ಎಂಜಿನ್ ಸದ್ದನ್ನು ಹೊರಡಿಸಿ ಕೊರತೆ ಮುಚ್ಚಲು ನೋಡುತ್ತಾರೆ. ಇದು ನನಗೆ ಹಿಡಿಸದ ನಾಟಕ.

ಇನ್ನೂ ಎರಡು ವಿಷಯಗಳಲ್ಲಿ ಗೊಣಗಾಟಕ್ಕೆ ಆಧಾರವಿದೆ. ಆಕ್ಸಿಲರೇಟರ್ ತುಳಿದ ಮೇಲೆ ಹೊಗೆ ಹೆಚ್ಚಿ, ಚಕ್ರ ವೇಗ ಪಡೆದು, ಗಾಳಿ ಒತ್ತಿಕೊಳ್ಳುವ ತನಕ ಒಂದು ಕ್ಷಣದ ಮಂಕು ಕವಿಯುತ್ತದೆ. ವೋಲ್ವೊ ಟಿ6ರಲ್ಲಿ ಈ ಮಂಕನ್ನು ಓಡಿಸಲೆಂದೇ, ಹೊಗೆಗೆ ಕಾಯದೆ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗಿ ಗಾಳಿ ಒತ್ತುವ ಸೂಪರ್‌ಚಾರ್ಜರನ್ನೂ ಜೋಡಿಸಿದ್ದರು. ಇನ್ನೊಂದು, ಭಾರ ಎಳೆಯುವಾಗ ಅಥವಾ ಸತತವಾಗಿ ವೇಗವಾಗಿ ಓಡಿಸುವಾಗ ಕಾದ ಲೋಹವನ್ನು ತಣಿಸಲು ಅನೇಕ ಟರ್ಬೊ ಎಂಜಿನ್‌ಗಳು ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಚಿಮ್ಮಿಸುತ್ತವೆ. ಆಗ ಕಂಪನಿ ಹೇಳಿದ ಮೈಲೇಜ್ ಕಾಗದದಲ್ಲೇ ಉಳಿಯುತ್ತದೆ.

ಇನ್ನು ವಾಹನದ ಒಳಾಂಗಣ. ಇಲ್ಲಿ ನನ್ನ ಸಹಾನುಭೂತಿ ಪೂರ್ತಿಯಾಗಿ ಮಾಲೀಕರ ಕಡೆಗಿದೆ. ತಿರುಗುಗುಂಡಿಗೆ ಅಂಚಿದೆ, ಹಲ್ಲಿದೆ, ತಿರುಗಿಸಿದಾಗ 'ಟಕ್' ಎನ್ನುವ ತಡೆಯಿದೆ. ಕೈ ಎಲ್ಲಿದೆಯೆಂಬುದನ್ನು ಕೀಲುಗಳೂ ಸ್ನಾಯುಗಳೂ ಮಿದುಳಿಗೆ ಹೇಳುತ್ತವೆ, ಏನನ್ನು ಮುಟ್ಟಿದ್ದೇವೆಂಬುದನ್ನು ಬೆರಳತುದಿ ಹೇಳುತ್ತದೆ. ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ಟಚ್‌ಸ್ಕ್ರೀನ್ ಬೆರಳು ಹತ್ತಿರ ಬಂದಾಗ ತನ್ನ ವಿದ್ಯುತ್ ಕ್ಷೇತ್ರದಲ್ಲಾಗುವ ಏರುಪೇರನ್ನು ಗುರುತಿಸುತ್ತದೆಯೇ ಹೊರತು ಬೆರಳಿಗೆ ತಾನೇನನ್ನೂ ತಿಳಿಸುವುದಿಲ್ಲ. ನಯವಾದ ಗಾಜಿನಲ್ಲಿ ಎಲ್ಲ ಜಾಗವೂ ಒಂದೇ. ಆದ್ದರಿಂದ ಬೆರಳಿಗೆ ದಾರಿ ತೋರಿಸುವ ಕೆಲಸವೂ ಕಣ್ಣಿನ ಪಾಲಿಗೆ ಬೀಳುತ್ತದೆ.

ಸ್ವೀಡನ್ನಿನ ವಿ ಬೀಲ್ಯೇಗರೆ ಎಂಬ ಪತ್ರಿಕೆ 2022ರಲ್ಲಿ ಇದನ್ನು ಅಳೆದು ನೋಡಿತು. ಚಾಲಕರಿಗೆ ಮೊದಲು ಪ್ರತಿ ಕಾರನ್ನೂ ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟು, ಬಳಿಕ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಆಸನ ಬೆಚ್ಚಗಾಗಿಸುವುದು, ರೇಡಿಯೊ ಹಚ್ಚುವುದು ಮುಂತಾದ ಕೆಲಸಗಳನ್ನು ಮಾಡಿಸಿದರು. 2005ರ ಮಾದರಿಯ, ಬರೀ ಗುಂಡಿಗಳಿರುವ ವೋಲ್ವೊ ವಿ70ರಲ್ಲಿ ಎಲ್ಲವೂ 10 ಸೆಕೆಂಡಿನಲ್ಲಿ, 306 ಮೀಟರ್ ಸಾಗುವಷ್ಟರಲ್ಲಿ ಮುಗಿದವು. ಬಿಎಂಡಬ್ಲ್ಯು ಐಎಕ್ಸ್ ಎಂಬ ಐಷಾರಾಮಿ ಎಸ್‌ಯುವಿಯಲ್ಲಿ ಅದೇ ಕೆಲಸಗಳಿಗೆ 30 ಸೆಕೆಂಡಿಗೂ ಹೆಚ್ಚು, 900 ಮೀಟರಿಗೂ ಹೆಚ್ಚು ದೂರ ಬೇಕಾಯಿತು. ಅತ್ಯಂತ ನಿಧಾನವಾದ ಕಾರು 44 ಸೆಕೆಂಡು ದಾಟಿತು.

ವಿಚಿತ್ರವೆಂದರೆ ಈ ಪಾಠವೂ ಹಳೆಯದೇ. 1986ರ ಬ್ಯೂಯಿಕ್ ರಿವಿಯೆರಾ ಕಾರಿನಲ್ಲಿ ಹಳೆಯ ಟಿವಿಯಂಥ ಕೊಳವೆಯ ಟಚ್‌ಸ್ಕ್ರೀನ್ ಇತ್ತು. ಹವಾನಿಯಂತ್ರಣ, ರೇಡಿಯೊ ಎಲ್ಲವೂ ಅದರೊಳಗೇ. ಕೆಲವೇ ವರ್ಷಗಳಲ್ಲಿ ಅದನ್ನು ತೆಗೆದು ಗುಂಡಿಗಳನ್ನು ಮರಳಿ ತಂದರು. 2017ರಲ್ಲಿ ಸಿಂಗಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ತೈಲ ಹಡಗೊಂದಕ್ಕೆ ಡಿಕ್ಕಿಯಾಗಿ 10 ನಾವಿಕರು ಸತ್ತಾಗ, ಚುಕ್ಕಾಣಿಯನ್ನೂ ವೇಗವನ್ನೂ ಟಚ್‌ಸ್ಕ್ರೀನಿನಲ್ಲಿ ನಿಯಂತ್ರಿಸುವ ವ್ಯವಸ್ಥೆ ಉಂಟುಮಾಡಿದ ಗೊಂದಲ ತನಿಖೆಯಲ್ಲಿ ಹೊರಬಂತು. ನೌಕಾಪಡೆ ಕೈಯಲ್ಲಿ ಹಿಡಿದು ನೂಕುವ ಸನ್ನೆಕೋಲಿಗೆ ಹಿಂತಿರುಗಲು ನಿರ್ಧರಿಸಿತು. ಇಷ್ಟಾದರೂ ಕಾರು ತಯಾರಕರಿಗೆ ಪರದೆಯ ಮೋಹ ಬಿಡದಿರಲು ಕಾರಣ ಸರಳ: ಪ್ರತಿ ಗುಂಡಿಗೂ ಬೇರೆ ಅಚ್ಚು, ಬೇರೆ ತಂತಿ, ಬೇರೆ ಪರೀಕ್ಷೆ ಬೇಕು, ಪರದೆಯಲ್ಲಿ ಹೊಸ ಗುಂಡಿಗೆ ನಾಲ್ಕು ಸಾಲಿನ ಸಾಫ್ಟ್‌ವೇರ್ ಸಾಕು. ಜಿಪುಣತನದ ಆರೋಪವನ್ನು ಮಾಲೀಕರು ಎಂಜಿನ್ನಿನ ಮೇಲೆ ಹೊರಿಸುವ ಬದಲು ಇಲ್ಲಿ ಹೊರಿಸಬೇಕಿತ್ತು.

ಯುರೋಪಿನ ವಾಹನ ಸುರಕ್ಷತೆಯನ್ನು ಪರೀಕ್ಷಿಸಿ ನಕ್ಷತ್ರಗಳನ್ನು ಕೊಡುವ ಯುರೋ ಎನ್‌ಕ್ಯಾಪ್ ಕೊನೆಗೂ ಎಚ್ಚೆತ್ತಿದೆ. 2026ರಿಂದ ಪೂರ್ಣ ಅಂಕ ಬೇಕಿದ್ದರೆ ಇಂಡಿಕೇಟರ್, ಅಪಾಯಸೂಚಕ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ನಿಜವಾದ ಗುಂಡಿ ಅಥವಾ ಸನ್ನೆಕೋಲು ಇರಬೇಕೆಂದು ಅದು ಹೇಳಿದೆ. ಸ್ವೀಡನ್ನಿನ ಪರೀಕ್ಷೆಯಲ್ಲಿ ಚಾಲಕರು ತಡಕಾಡಿದ ಆಸನದ ಬಿಸಿಯಾಗಲಿ, ರೇಡಿಯೊ ಆಗಲಿ ಆ ಐದರಲ್ಲಿ ಇಲ್ಲ.