ಊಟ ಮೂರೇ ಹೊತ್ತು, ಬಾಯಾಡಿಸೋದು ಎಷ್ಟು ಸಲ?

"ದಿನಕ್ಕೆ ಎಷ್ಟು ಸಲ ತಿಂತೀರಮ್ಮ?" ಎಂದು ಡಾಕ್ಟರ್ ಕೇಳಿದರೆ ನಮ್ಮಮ್ಮ ಯೋಚಿಸದೆ ಹೇಳುತ್ತಾರೆ: "ಮೂರೇ ಹೊತ್ತಪ್ಪ." ಸುಳ್ಳೇನಲ್ಲ. ಅವರಿಗೆ ಶುಗರ್ ಬಂದು ಆರು ವರ್ಷವಾಯಿತು. ಯುಗಾದಿಗೆ ಕೊರಟಗೆರೆ ಕಡೆಯ ನಮ್ಮೂರಿಗೆ ಹೋದಾಗ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಅವರ ಒಂದು ದಿನವನ್ನು ಬರೆದಿಟ್ಟೆ.

ಐದೂವರೆಗೆ ಕಾಫಿ. ಏಳಕ್ಕೆ ಡೇರಿಗೆ ಹಾಲು ಹಾಕಿ ಬಂದು ಇನ್ನೊಂದು ಲೋಟ, ಜೊತೆಗೆ ಎರಡು ರಸ್ಕ್. ಒಂಬತ್ತಕ್ಕೆ ಚಿತ್ರಾನ್ನ. ಹನ್ನೊಂದಕ್ಕೆ ಪಕ್ಕದ ಮನೆಯವರು ಬಂದರು, ಟೀ ಆಯಿತು. ಎರಡಕ್ಕೆ ಮುದ್ದೆ, ಹುರುಳಿ ಸಾರು. ನಾಲ್ಕೂವರೆಗೆ ಟೀ, ಒಂದು ಹಿಡಿ ಖಾರಾ ಬೂಂದಿ. ಆರೂವರೆಗೆ ಬಾಳೆಹಣ್ಣು. ಧಾರಾವಾಹಿ ಮುಗಿದ ಮೇಲೆ ಒಂಬತ್ತೂವರೆಗೆ ಊಟ. ಎಣಿಸಿದರೆ ಎಂಟು ಸಲ. ಹಾಳೆ ತೋರಿಸಿದೆ. "ಅದೆಲ್ಲ ತಿನ್ನೋದಾ? ಸುಮ್ನೆ ಬಾಯಾಡಿಸೋದು," ಎಂದರು.

ಇಡೀ ವಿಷಯ ಆ ಒಂದು ಮಾತಿನಲ್ಲೇ ಇದೆ ಅನ್ನಿಸಿತು. ನಾವು ಎಣಿಸುವುದು ಊಟವನ್ನು. ಕಳೆದ ನೂರು ವರ್ಷದಲ್ಲಿ ನಮ್ಮ ದಿನಕ್ಕೆ ಹೊಸದಾಗಿ ಸೇರಿದ್ದು ಊಟವಲ್ಲ, ಬಾಯಾಡಿಸುವುದು.

ಅಜ್ಜಿಯ ಕಾಲದ ಹೊತ್ತುಗಳೇ ಬೇರೆ. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ತಂಗಳು ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಬುತ್ತಿ. ಸೀಮೆಎಣ್ಣೆ ಉಳಿಸಬೇಕಿತ್ತು, ಹಾಗಾಗಿ ಕತ್ತಲಾಗುವ ಹೊತ್ತಿಗೆ ರಾತ್ರಿಯ ಊಟವೂ ಮುಗಿದಿರುತ್ತಿತ್ತು. ಇದನ್ನು ಹೊಗಳಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎರಡೇ ಹೊತ್ತು ಉಣ್ಣುತ್ತಿದ್ದದ್ದು ಆರೋಗ್ಯಕ್ಕಲ್ಲ, ಮೂರನೇ ಹೊತ್ತಿಗೆ ರಾಗಿ ಇರುತ್ತಿರಲಿಲ್ಲ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತರು. "ಮೂರು ಹೊತ್ತು ಉಂಡವ ರೋಗಿ" ಎಂಬ ಗಾದೆಯನ್ನು ಹಸಿದವರ ಮುಂದೆ ಹೇಳಬಾರದು.

ಮೊದಲು ಬದಲಾವಣೆ ತಂದದ್ದು ಟೀ. 1930ರ ದಶಕದಲ್ಲಿ ಹೊರದೇಶದ ಮಾರುಕಟ್ಟೆ ಕುಸಿದಾಗ ಟೀ ಬೆಳೆಯುವವರು ದೇಶದೊಳಗೇ ಜೋರಾಗಿ ಪ್ರಚಾರ ಮಾಡಿದರು, ಸಂತೆ ಜಾತ್ರೆಗಳಲ್ಲಿ ಟೀ ಕಾಸಿ ಕುಡಿಸಿದರು. ಆಮೇಲೆ ಹಾಲಿನ ಡೇರಿಗಳು ಬಂದವು, ಮನೆಯಲ್ಲಿ ದಿನವೂ ಹಾಲು, ಕೈಯಲ್ಲಿ ಒಂದಿಷ್ಟು ದುಡ್ಡು. ಟೀ ಜೊತೆಗೆ ಬಿಸ್ಕತ್ತು, ಬಿಸ್ಕತ್ತಿನ ಹಿಂದೆಯೇ ಬೇಕರಿ. 2013ರಲ್ಲಿ ಅನ್ನಭಾಗ್ಯ ಬಂದು ಅಕ್ಕಿ ಕೆಜಿಗೆ ಒಂದು ರೂಪಾಯಿ ಆಯಿತು. ಹಸಿವು ನೀಗಿಸಿದ ಒಳ್ಳೆಯ ಕೆಲಸ ಅದು. ಆದರೆ ಬೆಳಗಿನ ಅಂಬಲಿ ಇದ್ದ ಜಾಗದಲ್ಲಿ ಚಿತ್ರಾನ್ನ ಕೂತದ್ದೂ ನಿಜ. ಇನ್ನು ತುಮಕೂರು ಬಳಿಯ ಕೈಗಾರಿಕಾ ಪ್ರದೇಶ ವಸಂತನರಸಾಪುರದ ಫ್ಯಾಕ್ಟರಿಗಳ ಶಿಫ್ಟು. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವವರು ಮನೆ ಮುಟ್ಟುವಾಗಲೇ ರಾತ್ರಿಯಾಗಿರುತ್ತದೆ. ಊಟ ಹತ್ತಕ್ಕೆ ಜಾರದೆ ಇನ್ನೇನಾಗುತ್ತದೆ?

ಅಷ್ಟರಲ್ಲಿ ಡಾಕ್ಟರುಗಳ ಬಾಯಲ್ಲೂ "ಸ್ವಲ್ಪ ಸ್ವಲ್ಪ, ಆರು ಸಲ ತಿನ್ನಿ" ಎಂಬ ಮಾತು ಬಂದಿತ್ತು. ಅದಕ್ಕೆ ಆಧಾರವೂ ಇತ್ತು. 1964ರಲ್ಲಿ ಪ್ರಾಗ್ ನಗರದ ಸಂಶೋಧಕ ಫಾಬ್ರಿ ಮತ್ತು ಜೊತೆಗಾರರು ಅರವತ್ತು ದಾಟಿದ ಗಂಡಸರನ್ನು ನೋಡಿದರು. ದಿನಕ್ಕೆ ಮೂರು ಸಲ ಅಥವಾ ಅದಕ್ಕೂ ಕಡಿಮೆ ತಿನ್ನುವವರಲ್ಲೇ ಬೊಜ್ಜು, ಕೊಲೆಸ್ಟ್ರಾಲ್ ಜಾಸ್ತಿ ಕಂಡಿತು. 1989ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಏಳು ಗಂಡಸರಿಗೆ ಒಂದೇ ಅಳತೆಯ ಆಹಾರವನ್ನು ಎರಡು ವಾರ ದಿನಕ್ಕೆ ಮೂರು ಊಟವಾಗಿ, ಎರಡು ವಾರ ದಿನಕ್ಕೆ 17 ತುತ್ತು-ತಿಂಡಿಗಳಾಗಿ ಕೊಟ್ಟರು. ಹಂಚಿ ತಿಂದಾಗ, ರಕ್ತದ ಸಕ್ಕರೆ ಹತೋಟಿಯಲ್ಲಿಡಲು ಮೈ ಸುರಿಸುವ ಇನ್ಸುಲಿನ್ ಸುಮಾರು 28% ಇಳಿಯಿತು. ಇನ್ನೊಂದು ಕಾರಣವೂ ಇತ್ತು. ಹಳೇ ಬಗೆಯ ಇನ್ಸುಲಿನ್, ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಶುಗರ್ ಏಕಾಏಕಿ ಇಳಿದು ತಲೆ ಸುತ್ತಿ ಬೀಳುವ ಅಪಾಯ. ಅವರಿಗೆ ನಡುವೆ ಏನಾದರೂ ತಿನ್ನಲೇಬೇಕಿತ್ತು. ಅವರಿಗೆಂದು ಹೇಳಿದ್ದು ಎಲ್ಲರ ಪಥ್ಯವಾಯಿತು.

ಎಡವಿದ್ದು ಎಲ್ಲಿ ಗೊತ್ತಾ? ಜೆಂಕಿನ್ಸ್ ಇದ್ದ ಊಟವನ್ನೇ ಹಂಚಿದರು. ನಾವು ಊಟವನ್ನು ಹಾಗೇ ಇಟ್ಟುಕೊಂಡು ಮೇಲೆ ಸೇರಿಸಿದೆವು. ಮುದ್ದೆ ಚಿಕ್ಕದಾಗಲಿಲ್ಲ, ರಸ್ಕ್ ಬಂತು. ಫಾಬ್ರಿಯಂಥ ಸಮೀಕ್ಷೆಗಳ ತೊಡಕನ್ನು 1997ರಲ್ಲಿ ಫ್ರಾನ್ಸಿನ ಬೆಲ್ಲಿಲ್ ತಂಡ ಎತ್ತಿ ತೋರಿಸಿತು: ತಿಂದದ್ದನ್ನು ಜನ ಕಡಿಮೆ ಹೇಳುತ್ತಾರೆ. ಪದೇ ಪದೇ ತಿಂದರೆ ಮೈ ಹೆಚ್ಚು ಶಕ್ತಿ ಸುಡುತ್ತದೆ ಎಂಬುದಕ್ಕೂ ಪುರಾವೆ ಸಿಗಲಿಲ್ಲ. ಅಮ್ಮನ "ಮೂರೇ ಹೊತ್ತು" ನೆನಪಾಗುತ್ತದೆ ಅಲ್ವಾ?

2014ರಲ್ಲಿ ಮತ್ತೆ ಅದೇ ಪ್ರಾಗ್. ಟೈಪ್ 2 ಶುಗರ್ ಇದ್ದ 54 ಜನರಿಗೆ ಕಾಹ್ಲೆಯೊವಾ ತಂಡ ಅಷ್ಟೇ ಕ್ಯಾಲೊರಿಯನ್ನು 12 ವಾರ ಆರು ಸಲ, 12 ವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡೇ ಸಲ ಕೊಟ್ಟಿತು. ಎರಡೇ ಸಲ ಉಂಡಾಗ ತೂಕವೂ ಜಾಸ್ತಿ ಇಳಿಯಿತು, ಲಿವರಿನ ಕೊಬ್ಬೂ ಜಾಸ್ತಿ ಕರಗಿತು. 2018ರಲ್ಲಿ ಅಮೆರಿಕದಲ್ಲಿ ಶುಗರ್ ಅಂಚಿನಲ್ಲಿದ್ದ ಗಂಡಸರು ಮಧ್ಯಾಹ್ನ ಮೂರರೊಳಗೆ ದಿನದ ಊಟವೆಲ್ಲ ಮುಗಿಸಿದರು. ತೂಕ ಇಳಿಯದಿದ್ದರೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಹಾಗಂತ ಗಡಿಯಾರದಲ್ಲೇ ಮಂತ್ರವಿಲ್ಲ. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜಿದ್ದ 139 ಜನರನ್ನು ಒಂದು ವರ್ಷ ನೋಡಿದರು. ಕ್ಯಾಲೊರಿ ಇಳಿಸಿದ್ದೇ ಕೆಲಸ ಮಾಡಿತು, ಸಂಜೆ ನಾಲ್ಕರೊಳಗೆ ತಿಂದದ್ದರಿಂದ ಗಮನಿಸುವಂಥ ಲಾಭ ಕಾಣಲಿಲ್ಲ.

2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ ಎಂದಿತು. ಅದು ಓದಿದ ಮೇಲೆ ಹಲವರು ಒಂದೇ ಸಲಕ್ಕೆ ಊಟ ಬಿಡುತ್ತಿದ್ದಾರೆ. ಮಾತ್ರೆ, ಇನ್ಸುಲಿನ್ ಮೇಲೆ ಇರುವವರು ದಯವಿಟ್ಟು ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ.

ನಾವೂ ಕೇಳಿಯೇ ಶುರು ಮಾಡಿದೆವು. ಆ ಕ್ಯಾಲೆಂಡರ್ ಹಾಳೆಯನ್ನೇ ಡಾಕ್ಟರ ಮುಂದಿಟ್ಟೆವು. ಈಗ ಅಮ್ಮ ಧಾರಾವಾಹಿಗೆ ಮೊದಲೇ, ಏಳೂವರೆಗೆ ಊಟ ಮುಗಿಸುತ್ತಾರೆ. ರಸ್ಕ್ ಡಬ್ಬದಲ್ಲಿ ಈಗ ಹುರುಳಿಕಾಳು ಇದೆ. ಹನ್ನೊಂದರ ಟೀ ಮಾತ್ರ ಬಿಡಲ್ಲ ಎಂದಿದ್ದಾರೆ, ಪಕ್ಕದ ಮನೆಯವರು ಬರುತ್ತಾರಲ್ಲ. ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಾರೆ.