ಬಾನೆಟ್ ಕೆಳಗಿನ ಎಣ್ಣೆ, ನೀರು: ಮಟ್ಟ ಇಳಿದರೆ ಏನರ್ಥ?

ಬಾನೆಟ್ ಎತ್ತಿದರೆ ಹೊಸಬರ ಕಣ್ಣಿಗೆ ಬೀಳುವುದು ಬರೀ ಪ್ಲಾಸ್ಟಿಕ್ ಮುಚ್ಚಳ, ಪೈಪು, ವೈರು. ಇದರಲ್ಲಿ ಯಾವ ಸ್ಪ್ಯಾನರ್ ಕೂಡ ಇಲ್ಲದೆ ನಾವೇ ನೋಡಿ ತಿಳಿಯಬಹುದಾದದ್ದು ಮುಖ್ಯವಾಗಿ ಐದು: ಎಂಜಿನ್ ಆಯಿಲ್, ಕೂಲಂಟ್ (ಎಂಜಿನ್ ತಣಿಸುವ ದ್ರವ), ಬ್ರೇಕ್ ಆಯಿಲ್, ಬ್ಯಾಟರಿ ನೀರು, ವೈಪರ್ ನೀರು. ಕೆಳಗಿನ ಗೆರೆಗೆ ಬಂದರೆ ಮೇಲಿನ ಗೆರೆವರೆಗೆ ತುಂಬಿಸಿ ಅಂತ ಎಲ್ಲ ಕಡೆ ಬರೆದಿರುತ್ತದೆ. ಗಾಡಿಗೆ ಅಷ್ಟೇ ಸಾಲದು.

ಯಾಕೆಂದರೆ ಒಂದೊಂದೂ ಇಳಿಯುವ ಕಾರಣ ಬೇರೆ. ಎಂಜಿನ್ ಆಯಿಲ್ ಓಡಿದಂತೆಲ್ಲ ಚೂರುಪಾರು ಸುಟ್ಟುಹೋಗುತ್ತದೆ, ಅದು ಸಹಜ. ಕೂಲಂಟ್ ಇಳಿಯುತ್ತಲೇ ಇದ್ದರೆ ಅದು ಸಹಜವಲ್ಲ. ಬ್ರೇಕ್ ಆಯಿಲ್ ಇಳಿಯುತ್ತದೆ, ಆದರೆ ಬಹಳ ಸಲ ಅದು ಎಲ್ಲಿಗೂ ಹೋಗಿರುವುದಿಲ್ಲ, ಗಾಡಿಯೊಳಗೇ ಇರುತ್ತದೆ! ಹಾಗಾಗಿ ಈ ಟಿಪ್ಪಣಿಯಲ್ಲಿ ಎಷ್ಟು ತುಂಬಿಸಬೇಕು ಅನ್ನುವುದಕ್ಕಿಂತ ಯಾಕೆ ಇಳಿಯಿತು ಅನ್ನುವುದಕ್ಕೇ ಜಾಗ ಜಾಸ್ತಿ. ಅಂಕಿಗಳೆಲ್ಲ ಸಾಮಾನ್ಯ ಚಿಕ್ಕ ಕಾರಿನವು. ನಿಮ್ಮ ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ. ಗ್ಲೋವ್ ಬಾಕ್ಸಿನಲ್ಲಿ ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ ಸಿಗುತ್ತದೆ.

ಬ್ರೇಕ್ ಆಯಿಲ್

ಇದರಿಂದಲೇ ಶುರು ಮಾಡೋಣ, ಜಾಸ್ತಿ ಗೊಂದಲ ಇರುವುದು ಇಲ್ಲೇ. ಡ್ರೈವರ್ ಕಡೆ, ಬಾನೆಟ್ಟಿನ ಹಿಂಬದಿಯಲ್ಲಿ ಬೆಳಕಿಗೆ ಹಿಡಿದರೆ ಒಳಗಿನದು ಕಾಣುವಂಥ ಚಿಕ್ಕ ಡಬ್ಬಿ ಇರುತ್ತದೆ. ಅದರ ಕೆಳಗಿರುವುದೇ ಮಾಸ್ಟರ್ ಸಿಲಿಂಡರ್. ನಾವು ಪೆಡಲ್ ಒತ್ತಿದಾಗ ಅದು ಪೈಪಿನೊಳಗಿನ ಆಯಿಲನ್ನು ತಳ್ಳುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಆ ಒತ್ತಡ ಹಾಗೇ ಚಕ್ರದವರೆಗೆ ಹೋಗುತ್ತದೆ. ಅಲ್ಲಿ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದಿರುವ ಭಾಗ) ಒಳಗಿನ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒತ್ತುತ್ತದೆ.

ಹೊಸ ಪ್ಯಾಡಿನಲ್ಲಿ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. ಬಳಸುತ್ತಾ ಸವೆಯುತ್ತದೆ. ಸವೆದಷ್ಟೂ ಪಿಸ್ಟನ್ ಮುಂದೆ ಬಂದು ನಿಲ್ಲುತ್ತದೆ. ಪಿಸ್ಟನ್ ಮುಂದೆ ಬಂದರೆ ಅದರ ಹಿಂದೆ ಜಾಗ ಆಗುತ್ತದೆ ಅಲ್ವಾ? ಆ ಜಾಗ ತುಂಬುವುದು ಡಬ್ಬಿಯ ಆಯಿಲ್. ಅಂದರೆ ತಿಂಗಳುಗಟ್ಟಲೆ ನಿಧಾನವಾಗಿ ಮಟ್ಟ ಇಳಿದರೆ ಅದು ಹೆಚ್ಚಾಗಿ ಸೋರಿಕೆಯಲ್ಲ, ಪ್ಯಾಡ್ ಸವೆಯುತ್ತಿದೆ ಅನ್ನುವ ಸುದ್ದಿ. ಡಬ್ಬಿ ನೋಡಿ ಪ್ಯಾಡಿನ ಸ್ಥಿತಿ ಊಹಿಸಬಹುದು. ನನ್ನ ಪ್ರಕಾರ ಬಾನೆಟ್ ಕೆಳಗೆ ಇದಕ್ಕಿಂತ ಚೆಂದದ ಮೀಟರ್ ಇನ್ನೊಂದಿಲ್ಲ.

ಇಂಥ ಹೊತ್ತಲ್ಲಿ ಸುಮ್ನೆ ಆಯಿಲ್ ಸುರಿದು ಮೇಲಿನ ಗೆರೆಗೆ ತಂದರೆ ಏನಾಗುತ್ತದೆ? ಆ ಸುದ್ದಿ ಅಳಿಸಿಹೋಗುತ್ತದೆ. ಆಮೇಲೆ ಪ್ಯಾಡ್ ಬದಲಾಯಿಸುವ ದಿನ ಇನ್ನೊಂದು ತಾಪತ್ರಯ. ದಪ್ಪಗಿನ ಹೊಸ ಪ್ಯಾಡ್ ಕೂರಬೇಕಾದರೆ ಮೆಕ್ಯಾನಿಕ್ ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತುತ್ತಾನೆ. ಹಿಂದಿದ್ದ ಆಯಿಲ್ ಪೈಪಿನಲ್ಲಿ ವಾಪಸ್ ಏರಿ ಡಬ್ಬಿಗೆ ಬರುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಮುಚ್ಚಳದಿಂದ ಉಕ್ಕಿ ಹೊರಗೆ. ಈ ಆಯಿಲ್ ಬಣ್ಣಕ್ಕೆ ವಿಷ. ಬಾಡಿ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಬಿದ್ದ ತಕ್ಷಣ ಒರೆಸುತ್ತಾ ಕೂರಬೇಡಿ, ನೀರು ಸುರಿದು ತೊಳೆಯಿರಿ.

ಹಾಗಾದರೆ ಕ್ರಮ ಇದು. ಮಟ್ಟ ಇಳಿದಿದೆ ಅಂದರೆ ಮೊದಲು ಪ್ಯಾಡ್ ನೋಡಿಸಿ. 3 ಮಿಲಿಮೀಟರ್ ಹತ್ತಿರ ಬಂದಿದ್ದರೆ ಪ್ಯಾಡ್ ಹಾಕಿಸಿ, ಮಟ್ಟ ತಾನಾಗಿ ಮೇಲೆ ಬರುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಮಾತ್ರ ಸೋರಿಕೆ ಹುಡುಕಿ: ಚಕ್ರದ ಒಳಮೈ, ಹಿಂದಿನ ಚಕ್ರದ ಬ್ರೇಕ್ ಡ್ರಮ್ ಅಂಚು, ಮಾಸ್ಟರ್ ಸಿಲಿಂಡರ್ ಬುಡ. ಕ್ಲಚ್ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕೆಲಸ ಮಾಡುವಂಥದ್ದು) ಆಗಿದ್ದು ಇದೇ ಡಬ್ಬಿಯಿಂದ ಆಯಿಲ್ ತೆಗೆದುಕೊಳ್ಳುವ ಗಾಡಿಗಳಲ್ಲಿ ಕ್ಲಚ್ ಪೆಡಲಿನ ಬುಡವನ್ನೂ ನೋಡಬೇಕು. ವಾರದೊಳಗೆ ಕಣ್ಣಿಗೆ ಕಾಣುವಷ್ಟು ಇಳಿದರೆ ಗಾಡಿ ಓಡಿಸಲೇಬೇಡಿ.

ಇನ್ನೊಂದು ಗುರುತು ಡ್ಯಾಶ್‌ಬೋರ್ಡಿನಲ್ಲಿದೆ. ಹ್ಯಾಂಡ್‌ಬ್ರೇಕಿನ ಕೆಂಪು ದೀಪವೇ ಬಹಳಷ್ಟು ಗಾಡಿಗಳಲ್ಲಿ ಬ್ರೇಕ್ ಆಯಿಲ್ ಕಮ್ಮಿ ಆದಾಗಲೂ ಉರಿಯುತ್ತದೆ. ಡಬ್ಬಿಯೊಳಗೆ ತೇಲುವ ಬೆಂಡಿನಂಥದ್ದು ಇರುತ್ತದೆ, ಅದು ಕೆಳಗಿಳಿದರೆ ದೀಪ ಹತ್ತುತ್ತದೆ. ಮಟ್ಟ ಗಡಿಯಲ್ಲಿದ್ದಾಗ ತಿರುವಿನಲ್ಲೋ ಇಳಿಜಾರಿನಲ್ಲೋ ಆಯಿಲ್ ಒಂದು ಕಡೆ ವಾಲಿ ದೀಪ ಒಮ್ಮೆ ಮಿನುಗಿ ಆರುತ್ತದೆ. ವೈರಿಂಗ್ ಲೂಸ್ ಇರಬೇಕು ಅಂದುಕೊಂಡು ಬಿಡುವವರೇ ಹೆಚ್ಚು. ಮೊದಲು ಡಬ್ಬಿ ನೋಡಿ.

ಮಟ್ಟ ಸರಿಯಿದ್ದರೂ ಆಯಿಲ್ ಹಳತಾಗುತ್ತದೆ, ಇದು ಎರಡನೇ ವಿಷಯ. ಡಾಟ್ 3, ಡಾಟ್ 4 (ಬ್ರೇಕ್ ಆಯಿಲಿನ ದರ್ಜೆಗಳು) ಆಯಿಲ್‌ಗಳು ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಸುಮಾರು 3.7 ಶೇಕಡಾ ನೀರು ಸೇರಿಕೊಂಡ ಮೇಲೆ ಆ ಗಡಿ 140 ಮತ್ತು 155ಕ್ಕೆ ಇಳಿಯುತ್ತದೆ. ಪಟ್ಟಣದೊಳಗೆ ಓಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ. ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡಿಸ್ಕ್ ಕಾದು, ಪ್ಯಾಡ್ ಕಾದು, ಆ ಬಿಸಿ ಪಿಸ್ಟನ್ ದಾಟಿ ಆಯಿಲಿಗೆ ತಲುಪುತ್ತದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವ ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿಗೆ ತಣಿಯಲು ಬಿಡುವು ಸಿಗುತ್ತದೆ.

ಹಾಗಾಗಿ ಕಿಲೋಮೀಟರ್ ಎಷ್ಟೇ ಆಗಿರಲಿ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ಆರು ತಿಂಗಳು ಹಿಂದೆ ಮುಚ್ಚಳ ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಹಾಕಬೇಡಿ, ಅದೂ ತೇವ ಕುಡಿದಿರುತ್ತದೆ. ಡಾಟ್ 3 ಇದ್ದ ಕಡೆ ಡಾಟ್ 4 ಬೆರೆತರೆ ತೊಂದರೆಯಿಲ್ಲ. ಡಾಟ್ 5 ಮಾತ್ರ ಸಿಲಿಕೋನ್, ಅದನ್ನು ಬೆರೆಸಬಾರದು. ಡಾಟ್ 5.1 ಅಂತ ಇನ್ನೊಂದಿದೆ, ಅದು ಮತ್ತೆ 3, 4ರ ಜಾತಿಯದೇ! ಹೆಸರಿಟ್ಟವರಿಗೆ ಕೈಮುಗಿಯಬೇಕು. ಎಂಜಿನ್ ಆಯಿಲನ್ನಂತೂ ಈ ಡಬ್ಬಿಗೆ ಹನಿಯೂ ಹಾಕಬೇಡಿ, ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ.

ಕೂಲಂಟ್

ಇದು ಮುಚ್ಚಿದ ಸುತ್ತು. ಎಂಜಿನ್, ರೇಡಿಯೇಟರ್, ಹೋಸ್ ಪೈಪು, ವಾಟರ್ ಪಂಪ್, ಮತ್ತೆ ಎಂಜಿನ್. ಕಾದಾಗ ಕೂಲಂಟ್ ಹಿಗ್ಗಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿಗೆ ಬರುತ್ತದೆ, ತಣಿದಾಗ ವಾಪಸ್ ಹೋಗುತ್ತದೆ. ಅದಕ್ಕೇ ಮಟ್ಟ ನೋಡುವುದು ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ. ಈಗಷ್ಟೇ ಓಡಿಬಂದ ಗಾಡಿಯಲ್ಲಿ ಮಟ್ಟ ಮೇಲೇ ಕಾಣುತ್ತದೆ.

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ. ಅದರ ಸ್ಪ್ರಿಂಗ್ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಡುತ್ತದೆ. ಒತ್ತಡ ಇದ್ದರೆ ಕುದಿಯುವ ಬಿಂದು ಏರುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ಈ ಒತ್ತಡದಲ್ಲಿ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಈಗ ಯೋಚಿಸಿ: ಗಾಡಿ ಹೀಟ್ ಆಗಿದೆ, ಒಳಗೆ 115 ಡಿಗ್ರಿ ಇದೆ, ಯಾರೋ ಬಟ್ಟೆ ಸುತ್ತಿ ಮುಚ್ಚಳ ತಿರುಗಿಸುತ್ತಾರೆ. ಒತ್ತಡ ಬಿಟ್ಟುಹೋಗುತ್ತದೆ. ಅಲ್ಲಿವರೆಗೆ ಸುಮ್ಮನಿದ್ದದ್ದು ಒಂದೇ ಸಲಕ್ಕೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಂಡಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಆ ಮುಚ್ಚಳದ ತಂಟೆಗೆ ಹೋಗಬೇಡಿ.

ಸುತ್ತು ಮುಚ್ಚಿದ್ದು ಅಂದಮೇಲೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ದಾರಿ ಆಗಿದೆ ಅಂತಲೇ ಅರ್ಥ. ಅಗ್ಗದಿಂದ ದುಬಾರಿ ಕಡೆಗೆ ಹುಡುಕುತ್ತಾ ಹೋಗಿ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದೆಯಾ? ಹೋಸ್ ಕ್ಲಿಪ್ ಸಡಿಲವಾಗಿದೆಯಾ? ರೇಡಿಯೇಟರ್ ಅಂಚಿನಲ್ಲಿ ಒಣಗಿದ ಬಣ್ಣದ ಕಲೆ ಇದೆಯಾ? ವಾಟರ್ ಪಂಪಿನಲ್ಲಿ ಬೇಕೆಂದೇ ಇಟ್ಟಿರುವ ಒಂದು ಸಣ್ಣ ತೂತಿದೆ, ಒಳಗಿನ ಸೀಲ್ ಹೋದರೆ ಅಲ್ಲಿಂದ ಹನಿಯುತ್ತದೆ. ಇವ್ಯಾವುದೂ ಅಲ್ಲ, ಹೊರಗೆ ಎಲ್ಲೂ ತೇವ ಇಲ್ಲ, ಆದರೂ ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲ್) ಕಡೆ ನೋಡಬೇಕು. ಕೂಲಂಟ್ ಎಂಜಿನ್ ಒಳಗೇ ಹೋಗಿ ಸುಡುತ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಟ್ಯಾಂಕಿನಲ್ಲಿ ಏಳುತ್ತಲೇ ಇರುವ ಗುಳ್ಳೆ, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುವುದು ಇದರ ಗುರುತು. ಮಡಿಕೇರಿಯ ಚಳಿ ಬೆಳಿಗ್ಗೆ ಸೆಲ್ಫ್ ಹೊಡೆದ ತಕ್ಷಣ ಕಾಣುವ ಬಿಳಿ ಹೊಗೆಗೆ ಹೆದರಬೇಡಿ. ಅದು ಬರೀ ನೀರಾವಿ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.

ನಮ್ಮ ಕಡೆ ಹಿಮ ಬೀಳುವುದಿಲ್ಲ, ನೀರೇ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ ಅನ್ನುವ ಗುಣ ನಮಗೆ ಬೇಡ, ನಿಜ. ಆದರೆ ತುಕ್ಕು ತಡೆಯುವ ರಾಸಾಯನಿಕ ಬೇಕು, ಕುದಿಯುವ ಬಿಂದು ಏರಿಸುವ ಗುಣ ಬೇಕು. ಬೋರ್‌ವೆಲ್ ನೀರಿನ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ದಾರಿ ಮಧ್ಯೆ ಬೇರೆ ಗತಿ ಇಲ್ಲದಿದ್ದರೆ ಕುಡಿಯುವ ನೀರು ಹಾಕಿ ಮನೆ ತಲುಪಿ, ಆಮೇಲೆ ತೊಳೆಸಿ ಸರಿಯಾದದ್ದು ತುಂಬಿಸಿ. ಹಸಿರು, ಕೆಂಪು, ನೀಲಿ ಅಂತ ಬಣ್ಣ ನೋಡಿ ಬೆರೆಸಬೇಡಿ, ಬಣ್ಣಕ್ಕೆ ಎಲ್ಲ ಕಂಪನಿಗೂ ಒಪ್ಪಿಗೆಯಾದ ನಿಯಮ ಇಲ್ಲ. ಕೂಲಂಟ್ ಸಿಹಿಯಾಗಿರುತ್ತದೆ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ, ಬೆಕ್ಕು ನೆಕ್ಕುವ ಮೊದಲು ತೊಳೆಯಿರಿ.

ಗೇಜ್ ಮುಳ್ಳು ಏರುತ್ತಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ, ಜಾಗ ನೋಡಿ ನಿಲ್ಲಿಸಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ, ಸ್ವಲ್ಪ ಬಿಸಿ ಎಳೆಯುತ್ತದೆ. ಆವಿ ಬರುತ್ತಿದ್ದರೆ ಎಂಜಿನ್ ಆಫ್ ಮಾಡುವುದೊಂದೇ ದಾರಿ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರಿಗೆ ದ್ರವ ತಾಗದೆ ಗೇಜ್ ತಪ್ಪು ತೋರಿಸಬಹುದು, ಅದೂ ನೆನಪಿರಲಿ.

ಎಂಜಿನ್ ಆಯಿಲ್

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು-ಹತ್ತು ನಿಮಿಷ ಬಿಡಿ. ಮೇಲಿರುವ ಆಯಿಲ್ ಕೆಳಗಿನ ಸಂಪ್‌ಗೆ (ಆಯಿಲ್ ತೊಟ್ಟಿಗೆ) ಇಳಿಯಬೇಕು. ಡಿಪ್‌ಸ್ಟಿಕ್ (ಮಟ್ಟ ಅಳೆಯುವ ಕಡ್ಡಿ) ಎಳೆದು, ಒರೆಸಿ, ಮತ್ತೆ ಪೂರ್ತಿ ಅದ್ದಿ ತೆಗೆಯಿರಿ. ಮೊದಲ ಸಲ ತೆಗೆದಾಗ ಕಾಣುವ ಗೆರೆ ನಂಬುವಂಥದ್ದಲ್ಲ, ಓಡುವಾಗ ಎರಚಿದ ಆಯಿಲ್ ಕಡ್ಡಿ ತುಂಬ ಅಂಟಿರುತ್ತದೆ. ಎರಡು ಗುರುತಿನ ನಡುವೆ ಬಹಳಷ್ಟು ಚಿಕ್ಕ ಕಾರುಗಳಲ್ಲಿ ಸುಮಾರು ಒಂದು ಲೀಟರ್ ವ್ಯತ್ಯಾಸ.

ಸ್ವಲ್ಪ ಇಳಿಯುವುದು ಸರಿ. ಸರ್ವೀಸಿನಿಂದ ಸರ್ವೀಸಿಗೆ, ಅಂದರೆ ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷದಲ್ಲಿ, ಗುರುತುಗಳ ನಡುವೆಯೇ ಇದ್ದರೆ ಚಿಂತೆ ಬೇಡ. ತಿಂಗಳಿಗೊಮ್ಮೆ ಹಾಕಬೇಕಾಗಿ ಬಂದರೆ ಎಂಜಿನ್ನಿನ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ (ಆಯಿಲ್ ಸಿಲಿಂಡರಿಗೆ ನುಸುಳದಂತೆ ತಡೆಯುವ ಭಾಗಗಳು) ಸವೆದಿರಬಹುದು. ಆಗ ಹೊಗೆ ನೀಲಿಯಾಗಿರುತ್ತದೆ. ಬಣ್ಣ ಕಪ್ಪಾಯಿತು ಅಂತ ಗಾಬರಿ ಬೇಡ. ಕೊಳೆಯನ್ನು ತನ್ನೊಳಗೆ ಹಿಡಿದಿಡುವುದೂ ಆಯಿಲಿನ ಕೆಲಸ, ಡೀಸೆಲ್ ಗಾಡಿಯಲ್ಲಂತೂ ಬದಲಾಯಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ.

ಮಟ್ಟ ಏರಿದರೆ? ಇದನ್ನು ಯಾರೂ ಕೇಳುವುದಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ. ಆ ಮಸಿ ಸುಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಬರೀ ಟ್ರಾಫಿಕ್ಕಿನಲ್ಲಿ ಎರಡು-ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುತ್ತಿದ್ದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸುಡದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಆಯಿಲಿಗೆ ಸೇರುತ್ತದೆ. ಮಟ್ಟ ಏರಿ ಆಯಿಲ್ ತೆಳ್ಳಗಾಗುತ್ತದೆ. ಮೇಲಿನ ಗುರುತು ದಾಟಿದರೆ ಬದಲಾಯಿಸಲೇಬೇಕು.

ಗ್ರೇಡ್ ಬಗ್ಗೆ ಒಂದೇ ಮಾತು: 5ಡಬ್ಲ್ಯೂ-30 ಅಂದರೆ ಮೊದಲ ಅಂಕಿ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಅನ್ನುವುದು. ದಪ್ಪ ಆಯಿಲ್ ಒಳ್ಳೆಯದು ಅನ್ನುವ ನಂಬಿಕೆಗೆ ಈಗಿನ ಎಂಜಿನ್‌ಗಳಲ್ಲಿ ಅರ್ಥವಿಲ್ಲ.

ಬ್ಯಾಟರಿ, ವೈಪರ್, ನೆಲದ ಕಲೆ

ನೀರು ಹಾಕುವ ಬ್ಯಾಟರಿಯಾದರೆ ಇಳಿಯುವುದು ನೀರು ಮಾತ್ರ, ಆಸಿಡ್ ಅಲ್ಲ. ಹಾಗಾಗಿ ಡಿಸ್ಟಿಲ್ಡ್ ವಾಟರ್ ಅಷ್ಟೇ. ಆರೂ ಸೆಲ್ಲುಗಳಲ್ಲಿ ಒಂದೇ ಸಮನೆ ಬೇಗ ಇಳಿದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಜಾಸ್ತಿ ಚಾರ್ಜ್ ಮಾಡುತ್ತಿರಬಹುದು. ಎಂಜಿನ್ ಓಡುವಾಗ ವೋಲ್ಟೇಜ್ ಸುಮಾರು 13.8ರಿಂದ 14.5ರೊಳಗೆ ಇರಬೇಕು. ಒಂದೇ ಸೆಲ್ಲಿನಲ್ಲಿ ಇಳಿದರೆ ಆ ಸೆಲ್ಲೇ ಕೆಟ್ಟಿದೆ ಅಥವಾ ಬಿರುಕಿದೆ. ವೈಪರ್ ನೀರು ಇಳಿದರೆ ನೀವು ಗಾಜು ತೊಳೆದಿದ್ದೀರಿ ಅಂತ ಅರ್ಥ, ತುಂಬಿಸಿ.

ಎಲ್ಲಿ ಸೋರುತ್ತಿದೆ ಗೊತ್ತಾಗದಿದ್ದರೆ ರಾತ್ರಿ ಗಾಡಿ ಕೆಳಗೆ ರಟ್ಟು ಹಾಸಿ. ಎಂಜಿನ್ ಕೆಳಗೆ ಕಪ್ಪು, ಜಾರುವ ಕಲೆ ಆದರೆ ಎಂಜಿನ್ ಆಯಿಲ್. ಬಣ್ಣ ಇದ್ದು ಅಂಟಂಟಾಗಿ ಸಿಹಿ ವಾಸನೆ ಬಂದರೆ ಕೂಲಂಟ್. ಚಕ್ರದ ಒಳಬದಿಯಲ್ಲಿ ತೆಳ್ಳಗಿನ ಹಳದಿ ಕಲೆ ಬ್ರೇಕ್ ಆಯಿಲ್ ಇರಬಹುದು. ಎಸಿ ಹಾಕಿ ಓಡಿಸಿದ ಮೇಲೆ ಬಣ್ಣ, ವಾಸನೆ ಏನೂ ಇಲ್ಲದ ನೀರು ತೊಟ್ಟಿಕ್ಕಿದರೆ ಅದು ಎಸಿಯಿಂದ ಬರುವ ನೀರು. ಬೇಸಿಗೆಯಲ್ಲಿ ಎಸಿ ಹಾಕಿಯೂ ಅದು ಹೊರಗೆ ಬೀಳದೆ ಮುಂದಿನ ಸೀಟಿನ ಕಾರ್ಪೆಟ್ ಒದ್ದೆಯಾಗಿದ್ದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ, ಕ್ಲೀನ್ ಮಾಡಿಸಿ.